ಟರ್ಬೊ ಕಾರಿನ ಸ್ಪಾರ್ಕ್ ಪ್ಲಗ್: ಮನೆಯಲ್ಲೇ ಬದಲಿಸಬಹುದಾ?

ಈ ಸಲ ಬಂದ ಪತ್ರಗಳಲ್ಲಿ ಸ್ಪಾರ್ಕ್ ಪ್ಲಗ್ ವಿಷಯವೇ ಜಾಸ್ತಿ, ಅದರಲ್ಲೂ ಹಾಸನ, ಚಿಕ್ಕಮಗಳೂರು ಕಡೆಯಿಂದ. ಸಣ್ಣ ಎಂಜಿನ್ನಿಗೆ ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಚಕ್ರ) ಕೂರಿಸಿದ ಪೆಟ್ರೋಲ್ ಕಾರುಗಳು ಕೆಲವು ವರ್ಷಗಳಿಂದ ಚೆನ್ನಾಗಿ ಮಾರಾಟವಾದವು. ಅವುಗಳಲ್ಲಿ ಅನೇಕ ಈಗ ಮೊದಲ ಸಲ ಪ್ಲಗ್ ಬದಲಿಸುವ ಹಂತಕ್ಕೆ ಬಂದಿವೆ. ನಮ್ಮ ಕಡೆ ಪಶ್ಚಿಮಕ್ಕೆ ಹೊರಟರೆ ಘಾಟಿ ಇಳಿಯಲೇಬೇಕು, ವಾಪಸ್ ಹತ್ತಲೇಬೇಕು. ಪ್ಲಗ್ ಸವೆದಿದ್ದರೆ ಅದು ಗೊತ್ತಾಗುವುದು ಆ ಹತ್ತುವಾಗಲೇ. ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ಸರ್, ನನ್ನದು ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೊ ಪೆಟ್ರೋಲ್ ಕಾರು. 52,000 ಕಿಮೀ ಓಡಿದೆ, ಪ್ಲಗ್ ಇನ್ನೂ ಬದಲಿಸಿಲ್ಲ. ಊರೊಳಗೆ ಏನೂ ತೊಂದರೆ ಇಲ್ಲ. ಮಂಗಳೂರಿನಿಂದ ಬರುವಾಗ ಗುಂಡ್ಯ ದಾಟಿ ಶಿರಾಡಿ ಹತ್ತಲು ಶುರುವಾದ ಮೇಲೆ, ಲಾರಿ ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಗಾಡಿ ಜರ್ಕ್ ಹೊಡೆಯುತ್ತದೆ. ಒಮ್ಮೆ ಎಂಜಿನ್ ಲೈಟ್ ಮಿಣುಕಿ ಆರಿಹೋಯಿತು. ಒಂದು ಕಡೆ ತೋರಿಸಿದ್ದಕ್ಕೆ ಟರ್ಬೊ ಹೋಗಿರಬೇಕು ಅಂದರು. ಏನು ಮಾಡಲಿ? — ಹಾಸನದ ಓದುಗರು

ಉತ್ತರ: ಟರ್ಬೊಗೆ ಈಗಲೇ ಕೈ ಹಾಕಿಸಬೇಡಿ. ನೀವು ಬರೆದ ಲಕ್ಷಣ ನೋಡಿದರೆ ನನ್ನ ಅನುಮಾನ ಮೊದಲು ಪ್ಲಗ್ ಮೇಲೆ, ಆಮೇಲೆ ಪ್ಲಗ್ಗಿಗೆ ವೋಲ್ಟೇಜ್ ಕೊಡುವ ಕಾಯಿಲ್ ಮೇಲೆ. ಟರ್ಬೊ ಸೋತರೆ ಗಾಡಿ ಮಂಕಾಗುತ್ತದೆ, ಎಳೆಯುವುದೇ ಇಲ್ಲ. ನೀಲಿ ಹೊಗೆ ಬರಬಹುದು, ಸದ್ದು ಬದಲಾಗಬಹುದು. ಹೀಗೆ ತಡೆತಡೆದು ಜರ್ಕ್ ಹೊಡೆಯುವುದು ಹೆಚ್ಚಾಗಿ ಕಿಡಿ ತಪ್ಪಿದಾಗ. ಮೆಕ್ಯಾನಿಕ್‌ಗಳು ಮಿಸ್ಸಿಂಗ್ ಅನ್ನುತ್ತಾರಲ್ಲ, ಅದೇ.

ಊರೊಳಗೆ ಸರಿ ಇದ್ದು ಘಾಟಿಯಲ್ಲಿ ಮಾತ್ರ ಯಾಕೆ ಹೀಗೆ? ಪ್ಲಗ್ಗಿನ ತುದಿಯಲ್ಲಿ ಎರಡು ಲೋಹದ ಮೊನೆಗಳ ನಡುವೆ ಸಣ್ಣ ಸಂದು ಇರುತ್ತದೆ, ಗ್ಯಾಪ್ ಅನ್ನುತ್ತೇವೆ. ಕಿಡಿ ಆ ಸಂದನ್ನು ಹಾರಿ ದಾಟಬೇಕು. ಸಂದು ದೊಡ್ಡದಾದಷ್ಟೂ, ಅದರೊಳಗಿನ ಗಾಳಿ ಒತ್ತೊತ್ತಾಗಿದ್ದಷ್ಟೂ ದಾಟಲು ಹೆಚ್ಚು ವೋಲ್ಟೇಜ್ ಬೇಕು. ಟರ್ಬೊ ಇಲ್ಲದ ಎಂಜಿನ್ ಹೊರಗಿನ ಗಾಳಿಯನ್ನು ಇದ್ದ ಹಾಗೆ ಎಳೆದುಕೊಳ್ಳುತ್ತದೆ. ಟರ್ಬೊ ಒಂದು ಬಾರ್ ಒತ್ತಡ ಸೇರಿಸಿತು ಅಂದರೆ ಒಳಗೆ ಹೋಗುವ ಗಾಳಿಯ ಒತ್ತಡವೇ ಹೆಚ್ಚುಕಡಿಮೆ ಎರಡು ಪಟ್ಟು, ಅದನ್ನು ಪಿಸ್ಟನ್ ಮೇಲೆ ಬಂದು ಮತ್ತೆ ಸುಮಾರು ಹತ್ತನೇ ಒಂದು ಜಾಗಕ್ಕೆ ಒತ್ತುತ್ತದೆ, ಅಷ್ಟು ಒತ್ತಡದ ನಡುವೆ ಕಿಡಿ ಹಾರಬೇಕು. ಇದಕ್ಕೇ ಟರ್ಬೊ ಕಾರುಗಳ ಪ್ಲಗ್‌ಗೆ ಗ್ಯಾಪ್ ಚಿಕ್ಕದಾಗಿ ಕೊಡುತ್ತಾರೆ, ಸಾಮಾನ್ಯವಾಗಿ 0.7–0.8 ಮಿಮೀ. ಟರ್ಬೊ ಇಲ್ಲದ ಅನೇಕ ಕಾರುಗಳಲ್ಲಿ ಇದು 1.0–1.1 ಮಿಮೀ ಇರುತ್ತದೆ.

ಈಗ ಸವೆತದ ಲೆಕ್ಕ ನೋಡಿ. 3,000 ಆರ್‌ಪಿಎಂನಲ್ಲಿ ಓಡುವಾಗ ಒಂದೊಂದು ಪ್ಲಗ್ಗೂ ನಿಮಿಷಕ್ಕೆ 1,500 ಸಲ ಕಿಡಿ ಕೊಡುತ್ತದೆ. ಪ್ರತಿ ಕಿಡಿಗೂ ಮೊನೆಯ ಲೋಹ ಕಣ್ಣಿಗೆ ಕಾಣದಷ್ಟು ಸವೆಯುತ್ತದೆ, ಗ್ಯಾಪ್ ನಿಧಾನವಾಗಿ ದೊಡ್ಡದಾಗುತ್ತಾ ಹೋಗುತ್ತದೆ. ಊರೊಳಗೆ ಮೆಲ್ಲಗೆ ಓಡಿಸುವಾಗ ಕಾಯಿಲ್ ಹೇಗೋ ನಿಭಾಯಿಸುತ್ತದೆ. ಘಾಟಿಯಲ್ಲಿ ಪೂರ್ತಿ ಬೂಸ್ಟ್, ಅಂದರೆ ಟರ್ಬೊ ಸೇರಿಸುವ ಒತ್ತಡ, ಕೇಳಿದ ಕೂಡಲೇ ಬೇಕಾದ ವೋಲ್ಟೇಜ್ ಕಾಯಿಲ್‌ನ ಶಕ್ತಿ ಮೀರುತ್ತದೆ, ಕಿಡಿ ಬೀಳುವುದಿಲ್ಲ, ಗಾಡಿ ಕುಕ್ಕುತ್ತದೆ. ನಿಮ್ಮ ಶಿರಾಡಿ ಕಥೆ ಇದೇ ಇರಬೇಕು.

ಇನ್ನು ಆ ಮಿಣುಕಿದ ಲೈಟ್. ಎಂಜಿನ್ ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ಬೇಗ ತೋರಿಸಿ ಅಂತ ಅರ್ಥ. ಮಿಣುಕಿದರೆ ಅಲ್ಲೇ ಆಕ್ಸಿಲರೇಟರ್ ಬಿಡಬೇಕು. ಕಿಡಿ ತಪ್ಪಿದ ಸಿಲಿಂಡರಿನಿಂದ ಉರಿಯದ ಪೆಟ್ರೋಲ್ ನೇರವಾಗಿ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತದೆ, ಅದು ಕಾದು ಒಳಗಿನ ಜೇನುಗೂಡು ಕರಗಿಬಿಡಬಹುದು. ಮೂರು ಪ್ಲಗ್‌ಗೆ ಹೋಗುವ ದುಡ್ಡೆಲ್ಲಿ, ಕನ್ವರ್ಟರ್‌ಗೆ ಹೋಗುವ ದುಡ್ಡೆಲ್ಲಿ! ಎಡಕ್ಕೆ ತೆಗೆದು ನಿಧಾನವಾಗಿ ಮನೆ ಸೇರಿ.

ಬಿಚ್ಚುವ ಮೊದಲು ಕಾರಿನ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಒಂದು ಒಬಿಡಿ ರೀಡರ್ ಹಾಕಿ ನೋಡಿ. ಸ್ಟಿಯರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ ಮೊಬೈಲಿನಲ್ಲಿ ಓದುವ ಬ್ಲೂಟೂತ್ ರೀಡರ್ ಸಾಕು. ಪಿ0301 ಕೋಡ್ ಬಂದರೆ ಕಿಡಿ ತಪ್ಪುತ್ತಿರುವುದು ಒಂದನೇ ಸಿಲಿಂಡರ್, ಪಿ0302 ಎರಡನೆಯದು, ಪಿ0303 ಮೂರನೆಯದು. ಪಿ0300 ಅಂದರೆ ಒಂದೇ ಕಡೆ ಅಂತಿಲ್ಲ, ಅಲ್ಲಲ್ಲಿ ತಪ್ಪುತ್ತಿದೆ. ಒಂದೇ ಸಿಲಿಂಡರ್ ಅಂತ ತೋರಿಸಿದರೆ ಅದರ ಕಾಯಿಲ್ ತೆಗೆದು ಪಕ್ಕದ ಸಿಲಿಂಡರಿನದಕ್ಕೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಮತ್ತೆ ಓಡಿಸಿ ನೋಡಿ. ಕೋಡ್ ಕಾಯಿಲ್ ಜೊತೆ ಪಕ್ಕಕ್ಕೆ ಹೋಯಿತು ಅಂದರೆ ಕಾಯಿಲ್ ಕೆಟ್ಟಿದೆ. ಅಲ್ಲೇ ಉಳಿಯಿತು ಅಂದರೆ ಪ್ಲಗ್ ಅಥವಾ ಬೇರೆ ಏನೋ. ಖರ್ಚಿಲ್ಲದ ಪರೀಕ್ಷೆ ಇದು. ಪಿ0299 ಬಂದರೆ ಮಾತ್ರ ಟರ್ಬೊ ಕಡೆ ನೋಡಬೇಕು, ಬೂಸ್ಟ್ ಸಾಲುತ್ತಿಲ್ಲ ಅಂತ ಅದರ ಅರ್ಥ. ಅದಕ್ಕೂ ಟರ್ಬೊನೇ ಕಾರಣ ಆಗಬೇಕಿಲ್ಲ, ಪೈಪ್ ಎಲ್ಲೋ ಸಡಿಲವಾಗಿರುವುದೇ ಹೆಚ್ಚು.

ಪ್ರಶ್ನೆ: ಸರ್, ಪ್ಲಗ್ ತರಲು ಹೋದರೆ ಅಂಗಡಿಯವರು ಮೂರು ಥರ ತೋರಿಸಿದರು. ಮಾಮೂಲಿಯದಕ್ಕೂ ಇರಿಡಿಯಂಗೂ ಬೆಲೆಯಲ್ಲಿ ಭಾರಿ ವ್ಯತ್ಯಾಸ. ಥ್ರೆಡ್ ಒಂದೇ, ಇದೂ ಆಗುತ್ತೆ ಅಂತಾರೆ. ಹಾಕಬಹುದಾ? ನಮ್ಮೂರು ಎತ್ತರದಲ್ಲಿದೆ, ಅದಕ್ಕೆ ಬೇರೆ ಪ್ಲಗ್ ಬೇಕಾ? — ಚಿಕ್ಕಮಗಳೂರಿನ ಓದುಗರು

ಉತ್ತರ: ಥ್ರೆಡ್ ಕೂತ ಮಾತ್ರಕ್ಕೆ ಪ್ಲಗ್ ಆಗುವುದಿಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಪ್ಲಗ್ ನಂಬರ್ ಇರುತ್ತದೆ. ಇಲ್ಲದಿದ್ದರೆ ಕಂಪನಿಯ ಪಾರ್ಟ್ಸ್ ಕೌಂಟರಿನಲ್ಲಿ ಚಾಸಿಸ್ ನಂಬರ್ ಕೊಟ್ಟರೆ ಹೇಳುತ್ತಾರೆ. ಅದೇ ನಂಬರ್ ಅಥವಾ ಪ್ಲಗ್ ಕಂಪನಿಯವರೇ ಅದಕ್ಕೆ ಸಮ ಅಂತ ತಮ್ಮ ಪಟ್ಟಿಯಲ್ಲಿ ಕೊಟ್ಟ ನಂಬರ್ ತನ್ನಿ.

ಆ ನಂಬರಿನೊಳಗೆ ಹೀಟ್ ರೇಂಜ್ ಅಡಗಿದೆ. ಪ್ಲಗ್ ತನ್ನ ತುದಿಯ ಬಿಸಿಯನ್ನು ಎಷ್ಟು ಬೇಗ ಎಂಜಿನ್ನಿನ ಮೇಲ್ಭಾಗವಾದ ಹೆಡ್‌ಗೆ ಬಿಟ್ಟುಕೊಡುತ್ತದೆ ಅನ್ನುವ ಲೆಕ್ಕ ಅದು. ಟರ್ಬೊ ಎಂಜಿನ್ನಿನಲ್ಲಿ ಬಿಸಿ ಜಾಸ್ತಿ, ಬೇಗ ಬಿಟ್ಟುಕೊಡುವ ತಣ್ಣನೆಯ ಪ್ಲಗ್ ಬೇಕು. ಬಿಸಿ ಪ್ಲಗ್ ಹಾಕಿಬಿಟ್ಟರೆ ಅದರ ತುದಿ ಕೆಂಡವಾಗಿ ಕಿಡಿಗೆ ಮೊದಲೇ ಪೆಟ್ರೋಲಿಗೆ ಬೆಂಕಿ ಹೊತ್ತಿಸುತ್ತದೆ, ಪಿಸ್ಟನ್ ತೂತಾಗುವ ಮಟ್ಟಕ್ಕೂ ಹೋಗಬಹುದು. ಇಲ್ಲಿ ಅಂಗಡಿಯವರೂ ತಪ್ಪುವ ಒಂದು ವಿಷಯ ಇದೆ. ಎನ್‌ಜಿಕೆ, ಡೆನ್ಸೊ ಪ್ಲಗ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗೆ. ಬಾಷ್‌ನಲ್ಲಿ ಉಲ್ಟಾ, ಅಂಕಿ ದೊಡ್ಡದಾದಷ್ಟೂ ಬಿಸಿ. ಒಂದು ಕಂಪನಿಯ ಅಂಕಿ ನೋಡಿ ಇನ್ನೊಂದು ಕಂಪನಿಯ ಪ್ಲಗ್ ಅಂದಾಜಿಗೆ ಕೊಡಬಾರದು.

ಇರಿಡಿಯಂ ಅಂದರೆ ಸುಮ್ನೆ ದುಬಾರಿ ಹೆಸರಲ್ಲ. ನಿಕ್ಕಲ್ 1,455 ಡಿಗ್ರಿಗೆ ಕರಗುತ್ತದೆ, ಪ್ಲಾಟಿನಂ 1,768ಕ್ಕೆ, ಇರಿಡಿಯಂ 2,446ಕ್ಕೆ. ಅಷ್ಟು ಗಟ್ಟಿ ಲೋಹವಾದ್ದರಿಂದ ಮೊನೆಯನ್ನು 0.4–0.6 ಮಿಮೀ ಸಣ್ಣಗೆ ಮಾಡಿದರೂ ಬೇಗ ಸವೆಯುವುದಿಲ್ಲ. ಮೊನೆ ಸಣ್ಣಗಿದ್ದಷ್ಟೂ ಕಿಡಿಗೆ ಕಡಿಮೆ ವೋಲ್ಟೇಜ್ ಸಾಕು. ಬೂಸ್ಟ್ ಇರುವ ಎಂಜಿನ್ನಿಗೆ ಇದು ನಿಜವಾದ ಲಾಭ. ನಿಮ್ಮ ಕಾರಿಗೆ ಕಂಪನಿಯೇ ಇರಿಡಿಯಂ ಹೇಳಿದ್ದರೆ ಅದನ್ನೇ ಹಾಕಿ. ಮಾಮೂಲಿ ನಿಕ್ಕಲ್ ಹೇಳಿದ್ದರೆ ನಿಕ್ಕಲ್ಲೇ ಸಾಕು, ಪುಸ್ತಕದಲ್ಲಿ ಹೇಳಿದ ಕಿಮೀಗೆ ತಪ್ಪದೆ ಬದಲಿಸಿದರಾಯಿತು.

ನಕಲಿ ಪ್ಲಗ್ ಮಾರುಕಟ್ಟೆಯಲ್ಲಿ ಬಹಳ ಇದೆ. ಬಿಲ್ ಕೊಡುವ ಅಂಗಡಿಯಲ್ಲೇ ತನ್ನಿ. ಡಬ್ಬಿ ತೆಗೆದು ನೋಡಿ: ಪಿಂಗಾಣಿ ಮೇಲಿನ ಅಕ್ಷರ ಸ್ಪಷ್ಟವಾಗಿರಬೇಕು, ವಾಷರ್ ಕೈಯಿಂದ ಎಳೆದರೆ ಕಳಚಿ ಬರಬಾರದು, ನಡುವಿನ ಮೊನೆ ಮೇಲಿನ ಕೊಕ್ಕೆಯ ಸರಿ ನಡುವೆ ಕೂತಿರಬೇಕು. ಇರಿಡಿಯಂ ಅಂತ ಬರೆದು ಮೊನೆ ದಪ್ಪಗಿದ್ದರೆ ಅಲ್ಲೇ ವಾಪಸ್ ಕೊಡಿ.

ಎತ್ತರದ ಬಗ್ಗೆ ಯೋಚನೆ ಬೇಡ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ, 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಇನ್ನೂ ಕಡಿಮೆ. ಆ ಕೊರತೆಯನ್ನು ಬಹುಪಾಲು ಟರ್ಬೊವೇ ತುಂಬಿಕೊಡುತ್ತದೆ. ಪ್ಲಗ್ ಅದೇ.

ಪ್ರಶ್ನೆ: ಸರ್, ಬೈಕಿನ ಪ್ಲಗ್ ಎಷ್ಟೋ ಸಲ ಬದಲಿಸಿದ್ದೇನೆ. ಟರ್ಬೊ ಕಾರಿನದನ್ನು ನಾನೇ ಬದಲಿಸಬೇಕು ಅಂತ ಆಸೆ. ಬಾನೆಟ್ ಎತ್ತಿದರೆ ಪೈಪುಗಳೇ ಕಾಣುತ್ತವೆ. ಹೇಗೆ ಮಾಡಲಿ, ಯಾವುದಕ್ಕೆ ಹೆದರಬೇಕು? — ಸಕಲೇಶಪುರದ ಓದುಗರು

ಉತ್ತರ: ಖಂಡಿತ ಮಾಡಬಹುದು. ಪ್ಲಗ್ ಬದಲಿಸುವುದು ಬೈಕಿನಷ್ಟೇ ಸುಲಭ. ಟರ್ಬೊ ಕಾರಿನಲ್ಲಿ ಕೆಲಸ ಕೆಡುವುದು ಪ್ಲಗ್ ತಲುಪಲು ನೀವು ಬಿಚ್ಚುವ ಪೈಪಿನಲ್ಲಿ ಮತ್ತು ಕೊನೆಯಲ್ಲಿ ಬಿಗಿ ಮಾಡುವಾಗ. ಈ ಎರಡು ಕಡೆ ಆತುರ ಮಾಡದಿದ್ದರೆ ಆಯಿತು.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ತಿಂಡಿಗೆ ಮುಂಚೆ ಕೂರುವುದು ಒಳ್ಳೆಯದು. ಹೆಡ್ ಅಲ್ಯೂಮಿನಿಯಂ, ಬಿಸಿ ಇರುವಾಗ ತಿರುಗಿಸಿದರೆ ಥ್ರೆಡ್ ಕಿತ್ತು ಬರುವ ಭಯ ಇದೆ. ಟರ್ಬೊ ಕೂಡ ಅಲ್ಲೇ ಪಕ್ಕದಲ್ಲಿ ಇರುತ್ತದೆ, ಓಡಿಸಿ ಬಂದ ಮೇಲೆ ಅದರ ಕಬ್ಬಿಣದ ಮೈ ಬಹಳ ಹೊತ್ತು ಸುಡುತ್ತಿರುತ್ತದೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ರಾಟ್ಚೆಟ್, ಉದ್ದ ಎಕ್ಸ್‌ಟೆನ್ಷನ್, ಪ್ಲಗ್ ಸಾಕೆಟ್, ಕಾಯಿಲ್ ಬೋಲ್ಟಿಗೆ 10 ಮಿಮೀ ಅಥವಾ ನಕ್ಷತ್ರದ ಬಿಟ್, ಪೈಪಿನ ಕ್ಲಾಂಪ್‌ಗೆ ಸ್ಕ್ರೂಡ್ರೈವರ್, ಮತ್ತು ಸಾಧ್ಯವಾದರೆ ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸಣ್ಣ ಟಾರ್ಕ್ ರೆಂಚ್. ಸಾಕೆಟ್ 16 ಮಿಮೀದು ಅನೇಕ ಕಾರಿಗೆ ಆಗುತ್ತದೆ, ಕೆಲವಕ್ಕೆ 14 ಮಿಮೀ ಬೇಕು. ಅದರೊಳಗೆ ರಬ್ಬರ್ ಅಥವಾ ಅಯಸ್ಕಾಂತ ಇರಬೇಕು, ಇಲ್ಲದಿದ್ದರೆ ಪ್ಲಗ್ ಕೂತ ಆಳದ ಗುಂಡಿಯಿಂದ (ಬಾವಿ ಅನ್ನುತ್ತೇವೆ) ಪ್ಲಗ್ ಮೇಲೆ ಬರುವುದಿಲ್ಲ.

ಮೊಬೈಲಿನಲ್ಲಿ ಮೇಲಿಂದ, ಎರಡೂ ಪಕ್ಕದಿಂದ ಫೋಟೊ ತೆಗೆದುಕೊಳ್ಳಿ. ಇಗ್ನಿಷನ್ ಆಫ್, ಕೀ ಮನೆಯೊಳಗೆ. ಮೇಲಿನ ಪ್ಲಾಸ್ಟಿಕ್ ಕವರ್ ಎಳೆದರೆ ಬರುತ್ತದೆ. ಕೆಲವು ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿ ಅಥವಾ ಟರ್ಬೊ ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನಿಂದ ಬರುವ ದಪ್ಪ ಪೈಪ್ ಕಾಯಿಲ್‌ಗಳ ಮೇಲೆ ಅಡ್ಡ ಹೋಗಿರುತ್ತದೆ. ಅದನ್ನು ತೆಗೆಯಬೇಕಾಗಿ ಬಂದರೆ ತೆಗೆದ ತಕ್ಷಣ ಎರಡೂ ಬಾಯಿಗೆ ನೂಲು ಬಿಡದ ಶುದ್ಧ ಬಟ್ಟೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಬಟ್ಟೆ ಒಳಗೆ ತುರುಕಬೇಡಿ, ಹೊರಗಿನಿಂದ ಮುಚ್ಚಿ. ಟರ್ಬೊ ಒಳಗಿನ ಗಾಳಿ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಒಂದು ಸಣ್ಣ ವಾಷರ್ ಒಳಗೆ ಹೋದರೂ ರೆಕ್ಕೆಗಳು ಚೂರಾಗುತ್ತವೆ. ಬಿಚ್ಚಿದ ಸ್ಕ್ರೂ, ಬೋಲ್ಟ್ ಎಲ್ಲ ಒಂದು ತಟ್ಟೆಯಲ್ಲಿ ಹಾಕಿ, ಕೊನೆಗೆ ಎಣಿಸಿ.

ಡೈರೆಕ್ಟ್ ಇಂಜೆಕ್ಷನ್ (ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸುವ) ಎಂಜಿನ್ ಆಗಿದ್ದರೆ ಹೆಡ್ ಹತ್ತಿರ ಲೋಹದ ಸಣ್ಣ ಪೆಟ್ರೋಲ್ ಪೈಪ್ ಕಾಣುತ್ತದೆ. ಎಂಜಿನ್ ಓಡುವಾಗ ಅದರೊಳಗೆ 200 ಬಾರ್ ಆಸುಪಾಸು ಒತ್ತಡ ಇರುತ್ತದೆ. ಅದರ ನಟ್ಟಿಗೆ ಸ್ಪ್ಯಾನರ್ ಹಾಕಲೇಬೇಡಿ. ಅದನ್ನು ಬಿಚ್ಚದೆ ಪ್ಲಗ್ ಸಿಗುವುದಿಲ್ಲ ಅನ್ನುವ ಕಾರಾದರೆ ಈ ಕೆಲಸ ಮನೆಯದ್ದಲ್ಲ, ಗ್ಯಾರೇಜಿಗೆ ಕೊಡಿ.

ಕಾಯಿಲ್ ಕನೆಕ್ಟರಿನ ಲಾಕ್ ಬಿಸಿಗೆ ಪೆಡಸಾಗಿರುತ್ತದೆ, ಅವಸರ ಮಾಡಿದರೆ ಮುರಿಯುತ್ತದೆ. ಲಾಕ್ ಒತ್ತಿ ಹಿಡಿದು ಕನೆಕ್ಟರ್ ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಬೋಲ್ಟ್ ತೆಗೆದು ಕಾಯಿಲ್ ಅನ್ನು ಎಡಬಲ ಸ್ವಲ್ಪ ತಿರುಗಿಸಿ ನೇರ ಮೇಲಕ್ಕೆ ಎತ್ತಿ. ಈಗ ಪ್ಲಗ್ ಕೂತ ಬಾವಿ ಕಾಣುತ್ತದೆ. ನಮ್ಮ ಕಡೆ ಎಸ್ಟೇಟ್ ರಸ್ತೆಯ ಕೆಂಪು ಧೂಳು, ಮರಳು ಅದರ ತಳದಲ್ಲಿ ಕೂತಿರುವುದು ಮಾಮೂಲು. ಪ್ಲಗ್ ಬಿಚ್ಚಿದ ಕ್ಷಣ ಅದೆಲ್ಲ ಸಿಲಿಂಡರ್ ಒಳಗೇ ಬೀಳುತ್ತದೆ. ಹಾಗಾಗಿ ಬಿಚ್ಚುವ ಮೊದಲು ಗಾಳಿ ಹೊಡೆಯಲೇಬೇಕು. ಕಂಪ್ರೆಸರ್ ಇಲ್ಲದಿದ್ದರೆ ಸೈಕಲ್ ಪಂಪಿಗೆ ಸಣ್ಣ ಪೈಪ್ ಸಿಕ್ಕಿಸಿ ಹೊಡೆಯಿರಿ, ಕಣ್ಣಿಗೆ ಕನ್ನಡಕ ಇರಲಿ.

ಒಂದೊಂದೇ ಪ್ಲಗ್ ಬದಲಿಸಿ. ಒಂದು ತೆಗೆದು, ಹೊಸದು ಕೂರಿಸಿ, ಆಮೇಲೆ ಮುಂದಿನದು. ಸಡಿಲವಾಗುವಾಗ ಮೊದಲು ಒಂದು ಟಕ್ ಅಂತ ಬಿಟ್ಟುಕೊಟ್ಟು ಆಮೇಲೆ ಹಗುರವಾಗಿ ತಿರುಗಬೇಕು. ತಿರುಗುತ್ತಾ ಮತ್ತೆ ಬಿಗಿಯಾಗುತ್ತಿದ್ದರೆ ನಿಲ್ಲಿಸಿ, ಥ್ರೆಡ್ ಮೇಲೆ ಎರಡು ಹನಿ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ, ಹಿಂದೆ ಮುಂದೆ ಮಾಡುತ್ತಾ ಬಿಡಿಸಿ.

ಹೊಸ ಪ್ಲಗ್ಗಿನ ಗ್ಯಾಪ್ ಸಾಮಾನ್ಯವಾಗಿ ಕಂಪನಿಯಲ್ಲೇ ಸರಿ ಮಾಡಿರುತ್ತಾರೆ. ತಂತಿಯ ಗೇಜ್ ಇದ್ದರೆ ಮೆಲ್ಲಗೆ ತೂರಿಸಿ ಅಳೆದು ನೋಡಿ. ಇರಿಡಿಯಂ ಮೊನೆಯ ಮೇಲೆ ನಾಣ್ಯದಂಥ ಗೇಜ್ ಒತ್ತಿದರೆ ಮೊನೆ ಮುರಿಯುತ್ತದೆ. ಕೈ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದ ಪ್ಲಗ್ ಹಾಕಬೇಡಿ, ಹೊರಗೆ ಏನೂ ಕಾಣದಿದ್ದರೂ ಒಳಗಿನ ಪಿಂಗಾಣಿ ಸೀಳಿರಬಹುದು.

ಕೂರಿಸುವಾಗ ನನಗೆ ಇಷ್ಟವಾದ ವಿಧಾನ ರಬ್ಬರ್ ಪೈಪಿನದು. ಗೇಣುದ್ದದ ಪೆಟ್ರೋಲ್ ಪೈಪ್ ತುಂಡನ್ನು ಪ್ಲಗ್ಗಿನ ಪಿಂಗಾಣಿ ತುದಿಗೆ ಸಿಕ್ಕಿಸಿ ಬಾವಿಯೊಳಗೆ ಇಳಿಸಿ, ಬೆರಳಲ್ಲಿ ಪೈಪನ್ನೇ ತಿರುಗಿಸಿ. ಮೊದಲು ಅರ್ಧ ಸುತ್ತು ಎಡಕ್ಕೆ, ಥ್ರೆಡ್ ಬಾಯಿ ಸಿಕ್ಕಿದಾಗ ಪ್ಲಗ್ ಒಂದು ಕೂದಲಿನಷ್ಟು ಕೆಳಗೆ ಕುಸಿದದ್ದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಬಲಕ್ಕೆ. ಥ್ರೆಡ್ ಅಡ್ಡ ಕೂತಿದ್ದರೆ ಪ್ಲಗ್ ನಿಂತು ಪೈಪ್ ಜಾರುತ್ತದೆ, ಹೆಡ್‌ಗೆ ಏನೂ ಆಗುವುದಿಲ್ಲ. ರಾಟ್ಚೆಟ್ಟಿನಲ್ಲೇ ಶುರು ಮಾಡಿದರೆ ಈ ಸೂಚನೆ ಸಿಗುವುದೇ ಇಲ್ಲ, ಅದು ಅಡ್ಡ ಥ್ರೆಡ್ಡನ್ನೂ ಕೊರೆದುಕೊಂಡು ಇಳಿದುಬಿಡುತ್ತದೆ. ಪೂರ್ತಿ ತಳ ಮುಟ್ಟುವ ತನಕ ಕೈಯಲ್ಲೇ.

ಕಾಯಿಲ್ ರಬ್ಬರಿನ ಬಾಯಿ ಅಂಚಿಗೆ ಒಳಗಡೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ. ಮಳೆಗಾಲದ ತೇವ ಒಳಗೆ ಹೋಗುವುದಿಲ್ಲ, ಮುಂದಿನ ಸಲ ಕಾಯಿಲ್ ಅಂಟಿಕೊಳ್ಳುವುದೂ ಇಲ್ಲ. ಒಳಗಿನ ಸ್ಪ್ರಿಂಗಿಗೆ ಮೆತ್ತುವುದು ಬೇಡ. ಎಲ್ಲ ಕೂರಿಸಿ, ಪೈಪಿನ ಬಟ್ಟೆ ತೆಗೆದದ್ದು ನೋಡಿಕೊಂಡು, ಕ್ಲಾಂಪ್ ಬಿಗಿ ಮಾಡಿ, ತಟ್ಟೆ ಖಾಲಿಯಾಗಿದೆಯಾ ನೋಡಿ, ಆಮೇಲೆ ಸ್ಟಾರ್ಟ್ ಮಾಡಿ.

ಪ್ರಶ್ನೆ: ಟಾರ್ಕ್ ರೆಂಚ್ ಇಲ್ಲ. ಕೈ ಅಂದಾಜಿನಲ್ಲಿ ಎಷ್ಟು ಬಿಗಿ ಮಾಡಲಿ? ಥ್ರೆಡ್‌ಗೆ ಗ್ರೀಸ್ ಹಚ್ಚಿದರೆ ಮುಂದೆ ಸುಲಭವಾಗಿ ಬರುತ್ತೆ ಅಂತಾರೆ. — ಮೂಡಿಗೆರೆಯ ಓದುಗರು

ಉತ್ತರ: ಅಲ್ಯೂಮಿನಿಯಂ ಹೆಡ್‌ಗೆ 14 ಮಿಮೀ ಥ್ರೆಡ್ಡಿನ ವಾಷರ್ ಇರುವ ಪ್ಲಗ್ ಆದರೆ ಸಾಮಾನ್ಯವಾಗಿ 25–30 ನ್ಯೂಟನ್ ಮೀಟರ್, 12 ಮಿಮೀದಾದರೆ 15–20, 10 ಮಿಮೀದಾದರೆ 10–12. ನಿಮ್ಮ ಕಾರಿನ ಪುಸ್ತಕ ಬೇರೆ ಹೇಳಿದರೆ ಅದೇ ಸರಿ. ಚಕ್ರದ ನಟ್ಟಿಗೆ ಬಳಸುವ ದೊಡ್ಡ ಟಾರ್ಕ್ ರೆಂಚ್ ಇಷ್ಟು ಕಡಿಮೆ ಅಳತೆಗೆ ನಂಬಿಕೆಯದ್ದಲ್ಲ.

ರೆಂಚ್ ಇಲ್ಲದಿದ್ದರೆ ಕೋನದ ಲೆಕ್ಕ. ಪ್ಲಗ್ ಡಬ್ಬಿಯ ಮೇಲೆ ಇದರ ಚಿತ್ರ ಇರುತ್ತದೆ, ಅದನ್ನು ನೋಡಿ ಮಾಡಿ. 14 ಮಿಮೀ ಹೊಸ ಪ್ಲಗ್ ಕೈಯಲ್ಲಿ ತಳ ಮುಟ್ಟಿದ ಮೇಲೆ ಸಾಮಾನ್ಯವಾಗಿ ಅರ್ಧದಿಂದ ಮೂರನೇ ಎರಡು ಸುತ್ತು. ಮೊದಲು ವಾಷರ್ ಚಪ್ಪಟೆಯಾಗುವಾಗ ಮೆತ್ತಗೆ ತಡೆದ ಹಾಗೆ ಅನಿಸುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಅಲ್ಲಿಗೆ ಸಾಕು. ವಾಷರ್ ಇಲ್ಲದೆ ಶಂಕುವಿನಂತೆ ಓರೆಯಾದ ಅಂಚಿನಲ್ಲಿ ಕೂರುವ ಪ್ಲಗ್ ಆದರೆ ಹದಿನಾರನೇ ಒಂದು ಸುತ್ತು ಮಾತ್ರ, ಅಂದರೆ ಸ್ವಲ್ಪವೇ ಸ್ವಲ್ಪ. ಇದನ್ನು ಅರ್ಧ ಸುತ್ತು ತಿರುಗಿಸಿದರೆ ಹೆಡ್ ಹಾಳಾಗುತ್ತದೆ.

ಕಡಿಮೆ ಬಿಗಿಯೂ ತಪ್ಪೇ. ಪ್ಲಗ್ ತನ್ನ ಬಿಸಿಯನ್ನು ಹೆಡ್‌ಗೆ ಬಿಡುವುದು ಆ ವಾಷರ್ ಮತ್ತು ಥ್ರೆಡ್ ಮೂಲಕ. ಸಡಿಲ ಇದ್ದರೆ ಪ್ಲಗ್ ಕಾಯುತ್ತದೆ, ಗ್ಯಾಸ್ ಸೋರುತ್ತದೆ, ಟರ್ಬೊ ಎಂಜಿನ್ನಿನಲ್ಲಿ ಇದು ಬೇಗ ಅಪಾಯಕ್ಕೆ ಹೋಗುತ್ತದೆ.

ಗ್ರೀಸ್, ಆಂಟಿಸೀಜ್ ಯಾವುದೂ ಬೇಡ. ಈಗಿನ ಪ್ಲಗ್‌ಗಳ ಥ್ರೆಡ್ ಮೇಲೆ ತುಕ್ಕು ಹಿಡಿಯದ ಲೇಪನ ಇರುತ್ತದೆ. ಮೇಲೆ ಗ್ರೀಸ್ ಹಚ್ಚಿದರೆ ಜಾರುತ್ತದೆ, ರೆಂಚ್ ಸರಿಯಾದ ಅಂಕಿ ತೋರಿಸಿದರೂ ನಿಜವಾಗಿ ಜಾಸ್ತಿ ಬಿಗಿಯಾಗಿರುತ್ತದೆ.

ಪ್ರಶ್ನೆ: ಭಾನುವಾರ ನಾನೇ ಪ್ಲಗ್ ಬದಲಿಸಿದೆ. ಐಡಲಿಂಗ್ ಚೆನ್ನಾಗಿದೆ. ಆದರೆ ಪಿಕಪ್ ಹೋಗಿಬಿಟ್ಟಿದೆ, ಒತ್ತಿದರೆ ಸುಸ್ಸ್ ಅಂತ ಸದ್ದು. ಪ್ಲಗ್ ತಪ್ಪಾಯಿತಾ? — ಬೇಲೂರಿನ ಓದುಗರು

ಉತ್ತರ: ಪ್ಲಗ್ ಅಲ್ಲ, ಪೈಪ್. ಇಂಟರ್‌ಕೂಲರ್ ಪೈಪ್ ಪೂರ್ತಿ ಕೂತಿಲ್ಲ ಅಥವಾ ಕ್ಲಾಂಪ್ ಅಂಚಿನ ಮೇಲೆ ಕೂತಿದೆ, ಬೂಸ್ಟ್ ಅಲ್ಲಿಂದ ಹೊರಗೆ ಹೋಗುತ್ತಿದೆ. ಪೈಪ್ ಬಾಯಿಯ ಸುತ್ತ ಉಬ್ಬಿದ ಗೆರೆ ಇರುತ್ತದೆ, ರಬ್ಬರ್ ಆ ಗೆರೆ ದಾಟಿ ಹೋಗಬೇಕು, ಕ್ಲಾಂಪ್ ಗೆರೆಯ ಹಿಂದೆ ಕೂರಬೇಕು. ರಬ್ಬರಿಗೆ ಎಣ್ಣೆ ಅಂಟಿದ್ದರೆ ಒರೆಸಿ ಹಾಕಿ, ಇಲ್ಲದಿದ್ದರೆ ಬೂಸ್ಟ್ ಬಂದಾಗ ಮತ್ತೆ ಜಾರುತ್ತದೆ. ಒಳಗೆ ರಬ್ಬರ್ ರಿಂಗ್ ಇರುವ ಕ್ಲಿಪ್ ಮಾದರಿಯಾದರೆ ರಿಂಗ್ ಮಡಚಿದೆಯಾ ನೋಡಿ. ಅಲ್ಲಿಯ ಸಣ್ಣ ಸೆನ್ಸರ್ ಕನೆಕ್ಟರ್ ಒಂದು ಬಿಟ್ಟುಹೋಗಿರಬಹುದು, ಅದನ್ನೂ ಫೋಟೊ ಜೊತೆ ಹೋಲಿಸಿ. ಸರಿ ಮಾಡುವ ತನಕ ದೂರ ಓಡಿಸಬೇಡಿ, ಟರ್ಬೊ ಸುಮ್ನೆ ಜಾಸ್ತಿ ದುಡಿಯುತ್ತದೆ.

ಪ್ರಶ್ನೆ: ತೆಗೆದ ಮೂರು ಪ್ಲಗ್‌ಗಳಲ್ಲಿ ಎರಡು ಕಂದು ಬಣ್ಣ, ಒಂದರ ಮೇಲ್ಭಾಗ ಎಣ್ಣೆಯಲ್ಲಿ ಒದ್ದೆ. ಎಲ್ಲದರ ಬಿಳಿ ಪಿಂಗಾಣಿಯ ಮೇಲೂ ಕಂದು ಉಂಗುರದಂಥ ಕಲೆ. ಎಂಜಿನ್ ಕೆಟ್ಟಿದೆಯಾ? ಮಳೆಗಾಲದಲ್ಲಿ ಬೆಳಿಗ್ಗೆ ಮಿಸ್ಸಿಂಗ್ ಕೂಡ ಇತ್ತು. — ಕೊಪ್ಪದ ಓದುಗರು

ಉತ್ತರ: ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಇಟ್ಟು ನೋಡಿದ್ದೀರಿ, ಬಹಳ ಒಳ್ಳೆಯ ಅಭ್ಯಾಸ. ಎಂಜಿನ್ ಒಳಗೆ ಏನು ನಡೆಯುತ್ತಿದೆ ಅಂತ ಬಿಚ್ಚದೆ ತಿಳಿಯಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಉರಿಯುವ ತುದಿ ತಿಳಿ ಕಂದು ಅಥವಾ ಬೂದು ಇದ್ದರೆ ಆರೋಗ್ಯ. ಪಿಂಗಾಣಿಯ ಮೇಲೆ, ಲೋಹ ಸೇರುವ ಕಡೆ ಬರುವ ಆ ಕಂದು ಉಂಗುರ ಹೆಚ್ಚು ವೋಲ್ಟೇಜಿನಿಂದ ಸುತ್ತಲಿನ ಎಣ್ಣೆಯ ಕಣ ಅಂಟಿ ಆಗುವಂಥದ್ದು, ದೋಷ ಅಲ್ಲ. ಎಣ್ಣೆ ಮೇಲ್ಭಾಗದಲ್ಲಿ ಮಾತ್ರ ಇದ್ದು ತುದಿ ಒಣಗಿದ್ದರೆ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಅಥವಾ ಬಾವಿಯ ಸುತ್ತಲಿನ ಸೀಲ್ ಸೋರುತ್ತಿದೆ. ಅಂಥ ದೊಡ್ಡ ಕೆಲಸವಲ್ಲ, ಆದರೆ ಬಿಡಬೇಡಿ. ಆ ಎಣ್ಣೆ ಕಾಯಿಲ್ ರಬ್ಬರನ್ನು ಮೆತ್ತಗೆ ಮಾಡಿ ಕಿಡಿ ಪಕ್ಕಕ್ಕೆ ಸೋರುವಂತೆ ಮಾಡುತ್ತದೆ. ತುದಿಯೇ ಎಣ್ಣೆಯಲ್ಲಿ ಒದ್ದೆ ಇದ್ದಿದ್ದರೆ ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸೀಲ್ ಕಡೆ ನೋಡಬೇಕಿತ್ತು. ಒಣ ಕಪ್ಪು ಮಸಿ ಅಂದರೆ ಪೆಟ್ರೋಲ್ ಜಾಸ್ತಿ ಅಥವಾ ಬರೀ ಚಿಕ್ಕ ಚಿಕ್ಕ ಓಡಾಟ. ತುದಿ ಸುಣ್ಣದಂತೆ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ, ಅಥವಾ ಮೆಣಸಿನ ಪುಡಿಯಂಥ ಸಣ್ಣ ಲೋಹದ ಚುಕ್ಕೆ ಕಂಡರೆ, ಗಾಡಿ ಓಡಿಸುವುದನ್ನೇ ನಿಲ್ಲಿಸಿ ತೋರಿಸಿ. ಆ ಚುಕ್ಕೆಗಳು ಪಿಸ್ಟನ್ನಿನ ಅಲ್ಯೂಮಿನಿಯಂ ಆಗಿರಬಹುದು.

ಮಳೆಗಾಲದ ಬೆಳಗಿನ ಮಿಸ್ಸಿಂಗ್ ಬಗ್ಗೆ: ಬಾವಿಯಲ್ಲಿ ನೀರು ಇತ್ತಾ ನೆನಪಿಸಿಕೊಳ್ಳಿ. ವಾಟರ್ ಸರ್ವಿಸ್ ಮಾಡಿಸುವಾಗ ಬಾನೆಟ್ ಎತ್ತಿ ಎಂಜಿನ್ ಮೇಲೆ ಜೋರಾಗಿ ನೀರು ಹೊಡೆಸಿದರೆ ಅದು ಕಾಯಿಲ್ ಪಕ್ಕದಿಂದ ಇಳಿದು ಅಲ್ಲೇ ನಿಲ್ಲುತ್ತದೆ. ಬಾನೆಟ್ ಮುಚ್ಚಿಯೇ ತೊಳೆಸಿ. ಇನ್ನೊಂದು, ಮಲೆನಾಡಿನ ಇಲಿಗಳು. ಬಿಸಿ ಎಂಜಿನ್ ಮೇಲೆ ರಾತ್ರಿ ಬೆಚ್ಚಗೆ ಕೂತು ಕಾಯಿಲ್ ವೈರಿನ ಸಿಪ್ಪೆ ಕಡಿಯುತ್ತವೆ. ಪ್ಲಗ್, ಕಾಯಿಲ್ ಎರಡೂ ಸರಿ ಇದ್ದು ಒಂದೇ ಸಿಲಿಂಡರಿನ ಕೋಡ್ ಮತ್ತೆ ಮತ್ತೆ ಬಂದರೆ ಆ ಕನೆಕ್ಟರಿಗೆ ಬರುವ ವೈರನ್ನು ಪೂರ್ತಿ ಬೆರಳಾಡಿಸಿ ನೋಡಿ.

ಪ್ರಶ್ನೆ: ನನ್ನದು ಟರ್ಬೊ ಡೀಸೆಲ್. ನನಗೂ ಇದೆಲ್ಲ ಬೇಕಾ? — ಅರಸೀಕೆರೆಯ ಓದುಗರು

ಉತ್ತರ: ಬೇಡ. ಡೀಸೆಲ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಅಲ್ಲಿರುವುದು ಗ್ಲೋ ಪ್ಲಗ್, ಚಳಿಯ ಬೆಳಿಗ್ಗೆ ಸ್ಟಾರ್ಟ್ ಆಗಲು ಕಾಯಿಸಿ ಕೊಡುತ್ತದೆ. ಡಿಸೆಂಬರಿನಲ್ಲಿ ಸ್ಟಾರ್ಟಿಂಗ್ ಕಷ್ಟವಾದರೆ ಅದನ್ನು ನೋಡಿಸಿ. ಗ್ಲೋ ಪ್ಲಗ್ ಬಿಚ್ಚುವಾಗ ಹೆಡ್ ಒಳಗೇ ಮುರಿಯುವ ಅಪಾಯ ಜಾಸ್ತಿ, ಅದನ್ನು ಮನೆಯಲ್ಲಿ ಮಾಡಬೇಡಿ.

ಪ್ರಶ್ನೆ: ಕಾರು ಇನ್ನೂ ವಾರಂಟಿಯಲ್ಲಿದೆ. ನಾನೇ ಬದಲಿಸಬಹುದಾ? — ಕಡೂರಿನ ಓದುಗರು

ಉತ್ತರ: ವಾರಂಟಿ ಇರುವ ತನಕ ಕಂಪನಿ ಸರ್ವಿಸ್‌ನಲ್ಲೇ ಮಾಡಿಸಿ, ಬಿಲ್ಲಿನಲ್ಲಿ ಪ್ಲಗ್ ನಂಬರ್ ಮತ್ತು ಕಿಮೀ ಬರೆಸಿಕೊಳ್ಳಿ. ಮುಂದೆ ಎಂಜಿನ್ ಅಥವಾ ಟರ್ಬೊ ವಿಷಯದಲ್ಲಿ ಮಾತು ಬಂದರೆ ಆ ಕಾಗದ ಬೇಕಾಗುತ್ತದೆ. ಹಳೆ ಪ್ಲಗ್ ಕೇಳಿ ಪಡೆಯಿರಿ, ನಿಜವಾಗಿ ಬದಲಿಸಿದ್ದಾರಾ ಅನ್ನುವುದೂ ತಿಳಿಯುತ್ತದೆ.

ಪ್ರಶ್ನೆ: ವಾರಕ್ಕೊಮ್ಮೆ ಚಾರ್ಮಾಡಿ ಹತ್ತಿ ಇಳಿಯುತ್ತೇನೆ. ಪೆಟ್ರೋಲ್ ಉಳಿಯಲಿ ಅಂತ ಆದಷ್ಟು ಮೇಲಿನ ಗೇರಿನಲ್ಲೇ ಎಳೆಸುತ್ತೇನೆ. ಇದರಿಂದ ಪ್ಲಗ್‌ಗೆ ತೊಂದರೆಯಾ? — ಕೊಟ್ಟಿಗೆಹಾರದ ಓದುಗರು

ಉತ್ತರ: ತೊಂದರೆ ಪ್ಲಗ್‌ಗಿಂತ ಪಿಸ್ಟನ್ನಿಗೆ. ಡೈರೆಕ್ಟ್ ಇಂಜೆಕ್ಷನ್ ಇರುವ ಸಣ್ಣ ಟರ್ಬೊ ಎಂಜಿನ್ 1,500 ಆರ್‌ಪಿಎಂ ಆಸುಪಾಸಿನಲ್ಲಿ ಇರುವಾಗ ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಬೂಸ್ಟ್ ಪೂರ್ತಿ ಬರುತ್ತದೆ, ಎಂಜಿನ್ ಮಾತ್ರ ನಿಧಾನ ತಿರುಗುತ್ತಿರುತ್ತದೆ. ಆಗ ಸಿಲಿಂಡರ್ ಗೋಡೆಯ ಎಣ್ಣೆ ಹನಿಯೋ ಕಾರ್ಬನ್ ಚೂರೋ ಕಿಡಿಗೆ ಮೊದಲೇ ಹೊತ್ತಿಕೊಳ್ಳಬಹುದು. ಮೇಲೆ ಬರುತ್ತಿರುವ ಪಿಸ್ಟನ್ನಿಗೆ ಎದುರಿನಿಂದ ಹೊಡೆತ ಬೀಳುತ್ತದೆ, ಕೆಲವು ಸಲ ಒಂದೇ ಹೊಡೆತಕ್ಕೆ ರಿಂಗಿನ ಅಂಚು ಒಡೆಯುತ್ತದೆ, ಪ್ಲಗ್ಗಿನ ಪಿಂಗಾಣಿಯೂ ಸೀಳುತ್ತದೆ. ಹೀಗಾಗದಂತೆ ತಡೆಯುವ ಪರೀಕ್ಷೆ ಪಾಸಾದ ಎಂಜಿನ್ ಎಣ್ಣೆಗಳೇ ಬಂದಿವೆ, 2020ರಲ್ಲಿ ಬಂದ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಸ್‌ಪಿ ದರ್ಜೆ ಅಂಥದ್ದು. ನಿಮ್ಮ ಪುಸ್ತಕದಲ್ಲಿ ಹೇಳಿದ ಗ್ರೇಡ್‌ನಲ್ಲೇ ಎಸ್‌ಪಿ ಅಂತ ಬರೆದ ಡಬ್ಬಿ ಆರಿಸಿ, ಬದಲಿಸುವ ಕಿಮೀ ದಾಟಿಸಬೇಡಿ.

ಘಾಟಿಯಲ್ಲಿ ತಿರುವಿಗೆ ಮುಂಚೆಯೇ ಒಂದು ಗೇರ್ ಇಳಿಸಿ. ಎಂಜಿನ್ 2,000–2,500 ಆರ್‌ಪಿಎಂ ಮೇಲೆ ಇರುವಂತೆ ನೋಡಿಕೊಂಡು ಒತ್ತಿ. ಪೆಟ್ರೋಲ್ ಸ್ವಲ್ಪ ಜಾಸ್ತಿ ಹೋಗಬಹುದು, ಹೋಗಲಿ. ಆಟೊಮ್ಯಾಟಿಕ್ ಆದರೆ ಚಾರ್ಮಾಡಿ ಚೆಕ್‌ಪೋಸ್ಟ್ ದಾಟಿದ ಮೇಲೆ ಸ್ಪೋರ್ಟ್ ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿ, ಕೊಟ್ಟಿಗೆಹಾರ ಬಂದ ಮೇಲೆ ವಾಪಸ್ ಡಿಗೆ ತನ್ನಿ.